ಮಿಷನ್ ಬಿಚ್ಚಬೇಡ ಎಂದು ಗೌಸ್‌ಪೀರನಿಗೆ ಹೇಳು

ಕಸ್ತೂರಿ,

ನ್ಯಾಮತಿಯ ಮೊದಲ ಬಸ್ಸಿಗೆ ಹೊರಟಿದ್ದೇನೆ. ನಮ್ಮ ಕೆಟ್ಟ ಟೈಪ್ ಮಿಷನ್ ಬಿಚ್ಚಿ ಬಿಡಿಭಾಗ ಒಯ್ಯಲು ಗೌಸ್‌ಪೀರ್ ಹತ್ತು ಗಂಟೆಗೆ ಬರುತ್ತಾನೆ. ಬಿಚ್ಚಲು ಬಿಡಬೇಡ. ರಿಪೇರಿಯನ್ನೇ ಮಾಡಲು ಹೇಳು.

ರಿಪೇರಿ ಆಗುವುದಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಆಗುತ್ತದೆ ಎಂದೇ ಅವನು ಅಂದಿದ್ದ. ನನಗೇ ಬೇಡವಾಗಿತ್ತು. ತಾಲ್ಲೂಕು ಕಚೇರಿ ಮುಂದೆ ಕೂತು ನಾನು ಅರ್ಜಿ ಟೈಪ್ ಹೊಡೆಯತೊಡಗಿದರೆ ಆ ಸದ್ದಿಗೆ ಹುಣಸೆಮರದ ಕಾಗೆಗಳು ಬೆದರಿ ಹೊಳೆ ದಾಟಿ ಹೋಗುತ್ತವೆ, ಹೊನ್ನಾಳಿಗೆಲ್ಲ ಗೊತ್ತು. ಅಂಥ ನನ್ನ ಹತ್ತಿರ ಜನ ಬಂದು, "ನೀವು ಬ್ಯಾಡ್ರಿ ಸ್ವಾಮಿ, ಮನೆಯಾಗೆ ಅಕ್ಕಾರ ಕೈಲಿ ಹೊಡಿಸ್ಕೊಡ್ರಿ, ಒಂದೂ ತಪ್ಪು ಇರಂಗಿಲ್ಲ" ಅಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಿನಗೆ ಕಲಿಸಿದವನು ನಿನ್ನ ಗಂಡ, ನಾನು! ಅದೂ ಒಂದೇ ದಿನದಲ್ಲಿ. ಸರಿ, ಮೂರು ತಿಂಗಳು.

ಆದರೆ ನಿನ್ನೆ ಗೌಸ್‌ಪೀರ್ ಬಾಯಿಬಿಟ್ಟ: "ನಿಮ್ಮ ಅಕ್ಷರದ ಕಡ್ಡಿಗಳನ್ನ ಕೊಟ್ರಬಸಪ್ಪಾರು ಕೇಳ್ಯಾರೆ, ಅವರ ಮಿಷನ್ನಿಗೆ ಹಾಕಾಕೆ." ಕಚೇರಿ ಮುಂದೆ ನನ್ನೆದುರೇ ಮೇಜು ಹಾಕಿಕೊಂಡಿರುವ ಆ ಮಹಾರಾಯನ ಅರ್ಜಿಗಳು ನಮ್ಮ ಅಕ್ಷರದಲ್ಲಿ ಮಿಂಚುವುದೇ? ನಿನ್ನ ಮೇಲಿನ ಹೊಟ್ಟೆಕಿಚ್ಚನ್ನಾದರೂ ನುಂಗಿಕೊಂಡೇನು, ಅದನ್ನು ಮಾತ್ರ ನೋಡಲಾರೆ.

ಗೌಸ್‌ಪೀರನಿಗೆ ಚಹಾ ಕೊಡು. ರಿಪೇರಿ ಆದಮೇಲೆ ಪೆಟ್ಟಿಗೆ ಮೇಲಿರುವ ನಾಲ್ಕು ಅರ್ಜಿಗಳನ್ನು ನೀನೇ ಹೊಡೆದುಬಿಡು. ಆದರೆ ಸಂಜೆ ನಾನು ಬರುವುದರೊಳಗೆ ಮುಗಿಸಬೇಕು. ನಿನ್ನ ಬೆರಳಿನ ಆ ಓಟದ ಸದ್ದು ನನ್ನ ಕಿವಿಗೆ ಬೀಳುವುದು ಬೇಡ.

ಹಾಲಸ್ವಾಮಿ