ರಂಗನಾಯಕನ ಹಳೇ ದೋಣಿ

ಮುಳ್ಳೂರು, ಕೊಳ್ಳೇಗಾಲ ತಾಲ್ಲೂಕು
10-11-2024, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ರುದ್ರಸ್ವಾಮಿಯ ನಮಸ್ಕಾರ. ನಾನೂ ಶಿವರತ್ನಳೂ ಆರೋಗ್ಯವಾಗಿದ್ದೇವೆ. ನೀನು, ಭಾವ ಹೇಗಿದ್ದೀರಿ? ಬರೆಯಲು ಇಷ್ಟು ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಹರಿದು ಹಾಕುವ ಮೊದಲು ಕೊನೆಯ ತನಕ ಓದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ನನ್ನ ನಂಬರು ನೋಡಿದರೆ ನಾನೇ ಎತ್ತುವುದಿಲ್ಲವೇನೋ, ಅಷ್ಟು ಸಾಕಾಗಿದೆ ನನಗೆ ನನ್ನ ಸಹವಾಸ.

ವಿಷಯ ಇಷ್ಟೇ. ಇದೇ ಇಪ್ಪತ್ತೆಂಟನೇ ತಾರೀಕು, ಗುರುವಾರ, ಅವ್ವನ ವರ್ಷದ ಪೂಜೆ. ನೀನು ಬರಬೇಕು. ಬಸ್ಸಿನಲ್ಲಿ ಸೇತುವೆ ಸುತ್ತಿಕೊಂಡು ಬರುವುದು ಬೇಡ. ನಾನೇ ದೋಣಿ ತೆಗೆದುಕೊಂಡು ನಿಮ್ಮೂರ ದಡಕ್ಕೆ ಬರುತ್ತೇನೆ. ಹೌದು, ನನ್ನದೇ ದೋಣಿ. ನಗಬೇಡ.

ರಂಗನಾಯಕನ ಹಳೇ ಮರದ ದೋಣಿ ನಿನಗೆ ಗೊತ್ತಲ್ಲ. ನಿನ್ನ ಮದುವೆಯ ದಿಬ್ಬಣ ದಾಟಿದ್ದು ಅವರಪ್ಪ ಹುಟ್ಟು ಹಾಕುತ್ತಿದ್ದ ಅದೇ ದೋಣಿಯಲ್ಲಿ. ಈಗ ಎಲ್ಲರಿಗೂ ಬೈಕು ಇದೆ, ಹೊಳೆ ದಾಟುವವರು ಯಾರೂ ಇಲ್ಲ. ಅವ್ವ ಹೋದ ಮೇಲೆ ಅವನೂ ಕಸುಬು ಬಿಟ್ಟ. ಶಿವರಾತ್ರಿ ಕಳೆದು ನಾನು ಹೋಗಿ ನೋಡಿದಾಗ ದೋಣಿ ಅರ್ಧ ಹೂಳಿನಲ್ಲಿ ಕುಳಿತಿತ್ತು, ಒಳಗೆ ಹುಲ್ಲು ಬೆಳೆದಿತ್ತು. ಕೊಡ್ತೀಯಾ ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. ಯಾಕೆ ಎಂದು ಕೇಳಲಿಲ್ಲ. "ಸೌದೆಗಾದ್ರೂ ಆಯ್ತದೆ, ತಕಂಡೋಗಿ ಮೇಷ್ಟ್ರೇ," ಅಂದ.

ಟ್ರ್ಯಾಕ್ಟರಿನಲ್ಲಿ ಹೇರಿಸಿ ಮನೆಗೆ ತಂದೆ. ಊರಿಗೆ ಊರೇ ಬಂದು ನೋಡಿತು. ಮೂವತ್ತನಾಲ್ಕು ವರ್ಷ ಬೋರ್ಡಿನ ಮೇಲೆ ತೇಲುವ ವಸ್ತು, ಮುಳುಗುವ ವಸ್ತು ಎಂದು ಬರೆದವನು ನಾನು, ದೋಣಿಯ ತಳ ಹೇಗಿರುತ್ತದೆಂದು ನೋಡಿದ್ದು ಅವತ್ತೇ. ಶಿವರತ್ನ ಕದ ಹಿಡಿದು ನಿಂತು, "ಅದನ್ನ ಒಳಗೇ ಕರ್ಕಂಬಂದು ಮಂಚದ ಮೇಲೆ ಮಲಗುಸ್ಕಳಿ, ನಾನು ಕೊಟ್ಟಿಗೇಲಿ ಮಲಗ್ತೀನಿ," ಅಂದಳು.

ತಳದ ಮೂರು ಹಲಗೆ ಹೂಳಿನಲ್ಲಿ ಕೂತು ಕೊಳೆಯತೊಡಗಿದ್ದವು. ಹನೂರಿನಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿದ್ದಾರೆಂದು ತಿಳಿದು, ಎರಡು ಸಲ ಹೋಗಿ ಹೊನ್ನೆ ಹಲಗೆ ತಂದೆ. ಯಳಂದೂರಿನಿಂದ ಬಡಗಿ ಶಾಂತಮೂರ್ತಿ ಬಂದ. ಒಳ್ಳೆಯ ಕೆಲಸಗಾರ, ಆದರೆ ಅವನದು ಬಾಗಿಲು ಕಿಟಕಿಯ ಕಸುಬು. ದೋಣಿಯ ಸುತ್ತ ಮೂರು ಸುತ್ತು ಬಂದು, "ಸಾ, ಇದ್ರಲ್ಲಿ ಒಂದು ಮೂಲೇನೂ ನೆಟ್ಟಗಿಲ್ವಲ್ಲ, ಮೂಲೆಮಟ್ಟ ಎಲ್ಲಿ ಇಕ್ಕನ?" ಎಂದು ನನ್ನನ್ನೇ ಕೇಳಿದ. ನಾನು ಯಾರನ್ನು ಕೇಳಲಿ?

ದೊಡ್ಡ ತಪ್ಪು ಮಾತ್ರ ನನ್ನದು. ನಮ್ಮ ಕಡೆ ಏನು ಮನೆಗೆ ಬಂದರೂ ಮೊದಲು ಕಣದಲ್ಲಿ ಹಾಕಿ ಒಣಗಿಸುವುದು ತಾನೆ? ರಾಗಿ, ಅರಿಶಿನ, ಹುಣಸೆಹಣ್ಣು, ಎಲ್ಲಕ್ಕೂ ಒಂದೇ ಮದ್ದು. ದೋಣಿಯನ್ನೂ ಕವುಚಿ ಹಾಕಿ ಬೇಸಿಗೆಯಿಡೀ ಒಣಗಿಸಿದೆ. ದಿನಾ ಹೋಗಿ ತಟ್ಟಿ ನೋಡುತ್ತಿದ್ದೆ. ಟಣಟಣ ಅನ್ನುತ್ತಿದ್ದರೆ ಒಳ್ಳೆಯದಾಯಿತು ಎಂದು ಖುಷಿ. ಮಳೆ ಬಂದಾಗ ದನ ಆಚೆ ಕಟ್ಟಿ ದೋಣಿಯನ್ನು ಕೊಟ್ಟಿಗೆಗೆ ಸೇರಿಸಿದೆ. ಸಂದುಗಳಿಗೆ ಹತ್ತಿ ತುರುಕಿ, ಕೊಳ್ಳೇಗಾಲದಿಂದ ತಂದ ಟಾರು ಕಾಯಿಸಿ ಬಳಿದೆ. ಬಲಗೈ ಮೇಲೆ ಸುಟ್ಟ ಗುರುತು ಇನ್ನೂ ಇದೆ. ಅರವತ್ತೊಂದು ವರ್ಷಕ್ಕೆ ಬೆನ್ನು ಬಗ್ಗಿಸಿ ಮೊಳೆ ಹೊಡೆಯುವುದು ಎಂದರೆ ಏನೆಂದು ಈಗ ಗೊತ್ತಾಗಿದೆ. ಸಂಜೆ ಎದ್ದು ನಿಲ್ಲಬೇಕಾದರೆ ಗೋಡೆ ಬೇಕು.

ದಸರಾ ಕಳೆದು ಹೊಳೆ ಇಳಿದ ಮೇಲೆ ನೀರಿಗೆ ಬಿಟ್ಟೆ. ಶಿವರತ್ನ ಗೊಣಗುತ್ತಲೇ ಅರಿಶಿನ ಕುಂಕುಮ ಹಾಕಿ, ಕಾಯಿ ಒಡೆದು ಕೊಟ್ಟಳು. ಎಂಟು ಮಾರು ಹೋಗಿಲ್ಲ, ನೀರು ಎಲ್ಲ ಸಂದಿನಿಂದಲೂ ಒಳಕ್ಕೆ ಬಂತು. ಎದೆಮಟ್ಟ ನೀರಲ್ಲಿ ಕಾಯಿ ಹೋಳು ಹಿಡಿದು ನಿಂತಿದ್ದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ನನಗೆ ಅಳು ಬಂತು ಅಕ್ಕ.

ರಂಗನಾಯಕ ಇಳಿದು ಬಂದು ಹಲಗೆ ಮುಟ್ಟಿ ನೋಡಿದ. "ಒಣಗಿಸಿದ್ರಾ? ಇದೇನ್ ಅರಿಶ್ನವಾ ಮೇಷ್ಟ್ರೇ, ಕಣದಾಗೆ ಆಕಕೆ? ಒಣಗಿದ್ರೆ ಮರ ಕುಗ್ಗಿ ಸಂದು ಬುಡ್ತದೆ. ದೋಣಿ ನೆನೀಬೇಕು. ಕಲ್ಲೇರಿ ಮುಳುಗ್ಸಿ, ಆರೇಳು ದಿನ ಅತ್ತಾಗೆ ತಲೆ ಹಾಕ್ಬೇಡಿ."

ಅಪ್ಪ ಬೇಸಿಗೆಯಲ್ಲಿ ಗಾಡಿಯ ಚಕ್ರ ಬಿಚ್ಚಿ ಕೆರೆಗೆ ಹಾಕುತ್ತಿದ್ದದ್ದು ನಿನಗೆ ನೆನಪಿದೆಯಾ? ಅದನ್ನು ಉರುಳಿಸಿಕೊಂಡು ಹೋಗುತ್ತಿದ್ದವನೇ ನಾನು. ಆದರೂ ತಲೆಗೆ ಹೊಳೆಯಲಿಲ್ಲ. ಏಳು ತಿಂಗಳು ಜೋಪಾನ ಮಾಡಿದ ದೋಣಿಗೆ ನಾನೇ ಕಲ್ಲು ಹೇರಿ ಮುಳುಗಿಸಿದೆ. ಎಂಟನೇ ದಿನ ಕಲ್ಲು ತೆಗೆದು, ನೀರು ಮೊಗೆದು ಹಾಕಿದೆವು. ಹಲಗೆಗಳು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಈಗಲೂ ಚೂರು ಜಿನುಗುತ್ತದೆ, ಒಂದು ತಂಬಿಗೆ ಜೊತೆಗಿಟ್ಟುಕೊಂಡರೆ ಸಾಕು.

ಬುಧವಾರ, 13

ಭಾನುವಾರ ಇಲ್ಲಿಗೆ ನಿಲ್ಲಿಸಿದ್ದೆ, ಬರೆಯಲು ಆಗಲಿಲ್ಲ. ನಿನ್ನೆ ಬೆಳಗ್ಗೆ ರಂಗನಾಯಕನನ್ನು ಕೂರಿಸಿಕೊಂಡು ನಾನೇ ಹುಟ್ಟು ಹಾಕಿದೆ. ನಡುಹೊಳೆಯಲ್ಲಿ ಎರಡು ಸುತ್ತು ಸುಮ್ಮನೆ ತಿರುಗಿತು, ಅವನು ಬೈದ, ಆಮೇಲೆ ನೆಟ್ಟಗೆ ಹೋಯಿತು. ನಿಮ್ಮೂರ ದಡ ಮುಟ್ಟಿದೆ. ನಿನ್ನ ಹಸಿರು ಸೀರೆ ಹಿತ್ತಲ ತಂತಿಯ ಮೇಲೆ ಕಾಣುತ್ತಿತ್ತು. "ಓಗಿ ಮೇಷ್ಟ್ರೇ, ನಾನು ದೋಣಿ ಇಡ್ಕತೀನಿ," ಎಂದ ರಂಗನಾಯಕ. ಒಂದು ಕಾಲು ಮರಳಲ್ಲಿ ಇಟ್ಟೆ. ಇನ್ನೊಂದು ಬರಲಿಲ್ಲ. ತಿರುಗಿಸಿಕೊಂಡು ಬಂದುಬಿಟ್ಟೆ.

ಯಾವ ಮುಖ ಇಟ್ಟುಕೊಂಡು ಬರಲಿ ಹೇಳು. ಮೂರು ವರ್ಷದ ಹಿಂದೆ ಭವ್ಯಶ್ರೀ ತಾನು ಮೆಚ್ಚಿದ ಹುಡುಗನನ್ನು ಮದುವೆಯಾದಾಗ, ಸೋದರಮಾವನಾಗಿ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ನಾನು. ಹುಡುಗ ನಮ್ಮ ಪೈಕಿಯಲ್ಲ ಎಂದು ಮನೆಯಲ್ಲೇ ಕೂತೆ. ಸಾಲದ್ದಕ್ಕೆ, ನನ್ನ ಹೊಸ್ತಿಲು ತುಳಿಯಬೇಡ ಎಂದು ನಿನಗೆ ಹೇಳಿ ಕಳಿಸಿದೆ. ನೀನು ಆ ಮಾತು ಉಳಿಸಿಕೊಂಡೆ. ಅವ್ವನ ಮಣ್ಣಿಗೆ ಬಂದಾಗಲೂ ಅಂಗಳದಲ್ಲೇ ನಿಂತು ಮುಖ ನೋಡಿ, ಒಂದು ಲೋಟ ನೀರೂ ಕುಡಿಯದೆ ಹೋದೆ. ಅವತ್ತು ನಿನ್ನ ಬೆನ್ನು ನೋಡಿದ್ದು ನನಗೆ ಮರೆಯುವುದಿಲ್ಲ. ತಪ್ಪು ನನ್ನದು ಅಕ್ಕ. ಪೂರ್ತಿ ನನ್ನದು.

ಪೂಜೆಯ ದಿನ ಎಂಟು ಗಂಟೆಗೆ ನಿಮ್ಮೂರ ದಡದಲ್ಲಿ ಇರುತ್ತೇನೆ. ನೀನು ಬಾ, ಭಾವನನ್ನು ಕರೆದುಕೊಂಡು ಬಾ, ಭವ್ಯಶ್ರೀ ಮತ್ತು ಅಳಿಯನನ್ನೂ ಕರೆದುಕೊಂಡು ಬಾ. ಆರು ಜನಕ್ಕೆ ಜಾಗವಿದೆ. ಮಧ್ಯಾಹ್ನದವರೆಗೂ ಕಾಯುತ್ತೇನೆ. ಬಾರದಿದ್ದರೆ ನಿನ್ನನ್ನು ಏನೂ ಅನ್ನುವುದಿಲ್ಲ. ಮಗಳು ಅಳಿಯನಿಗೆ ನನ್ನ ಆಶೀರ್ವಾದ ತಿಳಿಸು, ತಡವಾಗಿದೆ, ಆದರೂ ತಿಳಿಸು. ಮಲೆ ಮಾದಪ್ಪ ನಿಮ್ಮೆಲ್ಲರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ರುದ್ರ

ತಾ.ಕ.: ಸಹಿ ಹಾಕಿದ ಮೇಲೂ ಕವರು ಅಂಟಿಸಲು ಕೈ ಬರಲಿಲ್ಲ. ಮಣ್ಣಿನ ದಿನ ನೀನು ನನ್ನನ್ನು ಒಂದೇ ಮಾತು ಕೇಳಿದೆ, "ಅವ್ವ ಕೊನೇಲಿ ನನ್ನ ಕೇಳ್ನಿಲ್ವೇನ್ಲಾ?" ಎಂದು. ನಾನು ಇಲ್ಲ ಅಂದೆ. ಅದು ಸುಳ್ಳು. ಮೂರು ದಿನ ಕೇಳಿದಳು. ಮಹದೇವಿ ಬಂದ್ಲಾ, ಮಹದೇವಿ ಬಂದ್ಲಾ ಎಂದು ಅದೊಂದೇ ಮಾತು. ಅವಳ ಪಾಲಿಗೆ ನಿಮ್ಮೂರಿಗೆ ದಾರಿಯೆಂದರೆ ದೋಣಿ ಒಂದೇ. ರಂಗನಾಯಕ ತಾನಾಗಿಯೇ ಬಂದು, ಕರ್ಕಂಬತ್ತೀನಿ ಎಂದು ಹುಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ. ದೋಣಿ ಹಳೆಯದಾದರೂ ಆಗ ಹೊಳೆ ದಾಟುವಷ್ಟು ಚೆನ್ನಾಗಿಯೇ ಇತ್ತು. ನೀನು ಒಳಗೆ ಬಂದರೆ ನನ್ನ ಮಾತು ಬಿದ್ದುಹೋಗುತ್ತದೆ ಎಂದು ಅವನನ್ನು ವಾಪಸ್ ಕಳಿಸಿದೆ. ಅವ್ವನ ಹತ್ತಿರ ಹೋಗಿ, ದೋಣಿ ತೂತು ಬಿದ್ದಿದೆ, ಹೊಳೆ ದಾಟಲು ಆಗುವುದಿಲ್ಲ ಎಂದೆ. ಅವಳು ನಂಬಿದಳು. "ಓಗ್ಲಿ ಬುಡಪ್ಪ, ರಿಪೇರಿ ಮಾಡ್ಸಿ ಕರ್ಕಂಬಾ," ಅಂದಳು. "ಅಲ್ಲೀಗಂಟ ನಾ ಕಾಯ್ತೀನಿ."