ನನಗಿಂತ ಒಳ್ಳೆಯವಳು

ಅಪ್ಪಾ,

ನಿನಗೆ ತಲುಪದೆಂದು ಗೊತ್ತಿದ್ದೂ ಈ ಮೇಣದ ಹಲಗೆಯ ಮೇಲೆ ಬರೆಯುತ್ತಿದ್ದೇನೆ. ಇವತ್ತು ರೊಟ್ಟಿ ಅಂಗಡಿಯ ಹಿಲಾರುಸ್, ತೀರಿಕೊಂಡ ತನ್ನ ಹೆಂಡತಿಗೆ ಗೋರಿಕಲ್ಲು ಕೆತ್ತಿಸಲು ನನ್ನ ಬಳಿ ಬಂದಿದ್ದ. ನಾನು ರೂಢಿಯಂತೆ 'ಒಪ್ತಿಮಾ', ಎಲ್ಲರಿಗಿಂತ ಒಳ್ಳೆಯವಳು, ಎಂದು ಗೀಚತೊಡಗಿದೆ.

"ಅದು ಬೇಡ ಕಣಮ್ಮ ನೊವೆಲ್ಲಾ," ಎಂದ. "ನಮ್ಮ ಓಸ್ತಿಯಾ ಊರಲ್ಲಿ ಸತ್ತೋರೆಲ್ಲ ಒಪ್ತಿಮಾನೇ. ನಮ್ಮತ್ತೆ ಕಲ್ಲಿನ ಮೇಲೂ ಅದೇ ಐತೆ, ಆ ಬಜಾರಿಗೆ! ಇವಳು ನನಗಿಂತ ಒಳ್ಳೇವಳು. ಅಷ್ಟು ಬರಿ, ಸಾಕು."

'ಮೆಲಿಯೊರ್ ಮೆ' ಎಂದು ಕೆತ್ತಿದೆ. ಅಂಥ ಮಾತನ್ನು ಕಲ್ಲಿನ ಮೇಲೆ ಹಿಂದೆಂದೂ ಕೆತ್ತಿರಲಿಲ್ಲ. ಆದರೂ ಕೈ ತಡವರಿಸಲಿಲ್ಲ. ಹೆಣ್ಣಿಗೆ ಅಕ್ಷರ ಯಾಕೆಂದು ಕೇರಿಯೆಲ್ಲ ನಗುತ್ತಿದ್ದಾಗ, 'ಬೊನುಸ್, ಮೆಲಿಯೊರ್, ಒಪ್ತಿಮುಸ್', ಅಂದರೆ ಒಳ್ಳೆಯ, ಇನ್ನೂ ಒಳ್ಳೆಯ, ಎಲ್ಲಕ್ಕಿಂತ ಒಳ್ಳೆಯ ಎಂದು ಬಾಯಿಪಾಠ ಮಾಡಿಸಿದವನು ನೀನು.

ಓದು ಬಾರದ ಹಿಲಾರುಸ್ ಅಕ್ಷರಗಳ ಮೇಲೆ ಬೆರಳಾಡಿಸಿದ. "ಇದರಲ್ಲಿ ನಾನೆಲ್ಲಿದೀನಿ?"

'ನನಗಿಂತ' ಎನ್ನುವ ಕೊನೆಯ ಪುಟ್ಟ 'ಮೆ' ತೋರಿಸಿದೆ. ತಾನು ಹೆಂಡತಿಯ ಪಕ್ಕದಲ್ಲೇ ಇದ್ದೇನೆಂದು ತಿಳಿದು, ಅಳುತ್ತಲೇ ನಕ್ಕ.

ನಿನ್ನ ಗೋರಿಕಲ್ಲಿನ ಮೇಲೆ ನಾನೂ ಎಲ್ಲರಂತೆ 'ಒಪ್ತಿಮುಸ್' ಎಂದೇ ಕೆತ್ತಿದ್ದೆ. ಕೆಳಗೆ ಒಂದು ಸಾಲಿನಷ್ಟು ಜಾಗವಿದೆ. ನಾಳೆ ಬೆಳಿಗ್ಗೆ ಉಳಿ ಹಿಡಿದು ಬರುತ್ತೇನೆ: 'ಮಗಳಿಗೆ ಅಕ್ಷರ ಕಲಿಸಿದವನು. ಇದನ್ನು ಕೆತ್ತಿದವಳು ಆ ಮಗಳೇ.'