ಎರಡನೇ ಯೂನಿಟ್ ನಿಲ್ಲಿಸಿದ ಮಧ್ಯಾಹ್ನ

ಮೋರ್‌ವೆಲ್,
ಜನವರಿ ೨೮, ಭಾನುವಾರ

ಪ್ರೀತಿಯ ಸಾಲ್ವಣ್ಣ,

ಮೊಣಕಾಲು ಹೇಗಿದೆ? ಅಲ್ಲಿ ಡಾರ್ವಿನ್ನಿನ ಮಳೆಗೆ ಊದಿಕೊಳ್ಳುತ್ತದೆ ಎಂದು ನೀನು ಬರೆದಿದ್ದೆ. ನೀನು ಸುಮ್ಮನೆ ಕೂರುವವನಲ್ಲ, ಅತ್ತಿಗೆಯ ಮಾತನ್ನಾದರೂ ಕೇಳು. ನನಗೆ ಕಾಯಿಲೆಯೇನೂ ಇಲ್ಲ, ದಣಿವು ಅಷ್ಟೇ. ಮಲಗಿ ಎದ್ದರೂ ಹೋಗುವುದಿಲ್ಲ. ಅಪ್ಪನ ಆಮ್ಲಜನಕದ ಯಂತ್ರವನ್ನು ಈಗ ಹಗಲಿನಲ್ಲೂ ತೆಗೆಯುವಂತಿಲ್ಲ. ಆದರೂ ನಾನು ತಂದ ಪಸ್ತಿತ್ಸಿ ಕಡುಬಿನಲ್ಲಿ ಬಟಾಣಿ ಕಡಿಮೆ, ಅಂಗಡಿಯವನು ನಮ್ಮ ಮಾಲ್ಟಾದವನೇ ಅಲ್ಲ ಎಂದು ಬೈಯುವಷ್ಟು ಉಸಿರು ಉಳಿದಿದೆ.

ಗುರುವಾರದ್ದನ್ನು ನೀನು ಟಿವಿಯಲ್ಲಿ ನೋಡಿರುತ್ತೀಯ. ನಲವತ್ತಮೂರು ಡಿಗ್ರಿ, ಬೆಂಕಿಯಂಥ ಗಾಳಿ, ಮನೆಮನೆಯಲ್ಲೂ ಏಸಿ. ಪಕ್ಕದ ವಿದ್ಯುತ್ ಸ್ಥಾವರದ ದೊಡ್ಡ ಯೂನಿಟ್ ರಿಪೇರಿಗೆ ನಿಂತಿತ್ತು, ಹಾಗಾಗಿ ಕಣಿವೆಯ ಭಾರವೆಲ್ಲ ನಮ್ಮ ಮುದಿ ಬಾಯ್ಲರುಗಳ ಮೇಲೆ ಬಿದ್ದಿತ್ತು. ಬೆಳಿಗ್ಗೆಯೇ ನನ್ನ ಎರಡನೇ ಯೂನಿಟ್ಟಿನ ಬಾಯ್ಲರ್ ಕೊಳವೆಯಲ್ಲಿ ಸಣ್ಣ ಸೋರಿಕೆ ಕಾಣಿಸಿತು. ಬೇರೆ ದಿನವಾಗಿದ್ದರೆ ಆಗಲೇ ನಿಲ್ಲಿಸುತ್ತಿದ್ದೆ. ಗ್ರಿಡ್ ಕಂಟ್ರೋಲಿನವನು ಫೋನಿನಲ್ಲಿ, "ರಾತ್ರಿ ಹತ್ತರವರೆಗೆ ಹೇಗಾದ್ರೂ ಎಳೀರಿ ಮೇಡಂ. ಬಿಸಿಲು ಇಳಿದ ಮೇಲೆ ಸೋಲಾರ್ ಕೂಡ ಇರಲ್ಲ" ಎಂದ. ಒಪ್ಪಿಕೊಂಡೆ. ಬಾಯ್ಲರಿನ ಕೆಳಗೆ ಯಾರೂ ಹೋಗಕೂಡದು ಎಂದು ಹೇಳಿ ಕಳಿಸಿದೆ. ಬೂದಿ ತೆಗೆಯುವ ಗುತ್ತಿಗೆಯವರಿಗೆ ಆ ಮಾತು ತಲುಪಿರಲಿಲ್ಲ.

ಮೂರು ಗಂಟೆಗೆ ಕೊಳವೆ ಬಾಯಿಬಿಟ್ಟಿತು. ಕೆಳಗೆ ಇಬ್ಬರು ಸಿಕ್ಕಿಬಿದ್ದಿದ್ದರು. ಮೆಟ್ಟಿಲ ತುಂಬ ಉಗಿ, ಒತ್ತಡ ಇಳಿಯದೆ ಅವರು ಮೇಲೆ ಬರುವಂತಿರಲಿಲ್ಲ. ಫೋನಿನವನು, "ಅರ್ಧ ಗಂಟೆ ಕೊಡಿ. ಈಗಲೇ ನಿಲ್ಸಿದ್ರೆ ನಾನು ಊರುಗಳನ್ನೇ ಕತ್ತರಿಸಬೇಕಾಗುತ್ತೆ" ಎಂದ. ಯಾವ ಊರು ಎಂದೆ. "ಮೊದಲ ಪಟ್ಟಿಯಲ್ಲಿ ನಿಮ್ಮದೇ ಇದೆ" ಎಂದ. ಅಪ್ಪನ ಯಂತ್ರ ಕಣ್ಣ ಮುಂದೆ ಬಂತು. ಯೂನಿಟ್ ನಿಲ್ಲಿಸುವ ಗುಂಡಿ ಒತ್ತಿದೆ.

ಆ ಇಬ್ಬರೂ ಜೀವಂತವಾಗಿ ಹೊರಬಂದರು. ಬದಲಿ ಆಪರೇಟರ್ ಬರುವವರೆಗೆ ಒಂದೂಮುಕ್ಕಾಲು ಗಂಟೆ ನಾನು ಕುರ್ಚಿ ಬಿಟ್ಟು ಏಳುವಂತಿರಲಿಲ್ಲ. ಮನೆಗೆ ಎಷ್ಟು ಸಲ ಫೋನ್ ಮಾಡಿದರೂ ಯಾರೂ ಎತ್ತಲಿಲ್ಲ. ದಾರಿಯಲ್ಲಿ ಸಿಗ್ನಲ್ ದೀಪಗಳೂ ಸತ್ತಿದ್ದವು. ಬಂದು ನೋಡಿದರೆ ಅಪ್ಪ ಜಗಲಿಯಲ್ಲಿ ತುರ್ತಿಗೆಂದು ಇಟ್ಟಿದ್ದ ಆಮ್ಲಜನಕದ ಸಣ್ಣ ಸಿಲಿಂಡರ್ ಹಾಕಿಕೊಂಡು ಕೂತಿದ್ದರು, ತುಟಿ ನೀಲಿಗಟ್ಟಿತ್ತು. ಪಕ್ಕದ ಮನೆಯ ಥೆಲ್ಮಾ ಒದ್ದೆ ಟವೆಲಿನಿಂದ ಗಾಳಿ ಹಾಕುತ್ತಾ, "ಇನ್ನು ಹತ್ತು ನಿಮಿಷಕ್ಕೆ ಇದೂ ಖಾಲಿ ಆಗ್ತಿತ್ತು ಕಣೇ" ಎಂದಳು. ನಾನು ಅವರನ್ನು ಕಾರಿಗೆ ಎತ್ತಿ ಆಸ್ಪತ್ರೆಗೆ ಹೊರಟೆ. ದಾರಿಯಲ್ಲಿ ಅಪ್ಪ, "ಯಾವ ಯೂನಿಟ್ಟು?" ಎಂದರು. ಎರಡನೇದು ಎಂದೆ. "ಒಳಗೆ ಜನ ಇದ್ರಾ?" ಇಬ್ಬರಿದ್ದರು, ಬಂದರು ಎಂದೆ. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, "ಮೂವತ್ತು ವರ್ಷದಲ್ಲಿ ನಾನು ಒಂದು ದಿನಾನೂ ಈ ಊರಿನ ಕರೆಂಟ್ ತೆಗೀಲಿಲ್ಲ. ನೀನು ತೆಗೆದುಬಿಟ್ಟೆ" ಎಂದು ನನ್ನ ಕೈ ಹಿಡಿದುಕೊಂಡರು. ನಿನ್ನೆ ಮನೆಗೆ ಬಂದಿದ್ದಾರೆ.

ಶುಕ್ರವಾರ ವಿಚಾರಣೆಯಾಯಿತು. ಅರ್ಧ ಗಂಟೆ ಯಾಕೆ ಕಾಯಲಿಲ್ಲ ಎಂದು ಕೇಳಿದರು. ಕೆಳಗೆ ಮನುಷ್ಯರಿದ್ದರು ಎಂದೆ, ಬರೆದುಕೊಂಡರು. ಅಂಗಡಿಯಲ್ಲಿ ಕೆಲವರು ನನ್ನ ಮುಖ ನೋಡುವುದಿಲ್ಲ. ಅವರ ಫ್ರಿಜ್ಜಿನ ಮಾಂಸ ಕೆಟ್ಟಿತು, ಪಾಪ.

ಅತ್ತಿಗೆಗೆ ನನ್ನ ನೆನಪು ಹೇಳು. ನಿನಗೆ ಆಶೀರ್ವಾದ ಬರೆಯಲೇ ಎಂದು ಕೇಳಿದ್ದಕ್ಕೆ ಅಪ್ಪ ತಲೆಯಾಡಿಸಿದರು, ಅದನ್ನೇ ಆಶೀರ್ವಾದ ಎಂದುಕೋ.

ನಿನ್ನ ತಂಗಿ,
ಸುಂತಾ

ತಾ.ಕ.: ಇಷ್ಟು ಹೊತ್ತು ಬರೆಯಲು ಧೈರ್ಯವಾಗಲಿಲ್ಲ. ಆ ಇಬ್ಬರಲ್ಲಿ ಒಬ್ಬಳು ನಿನ್ನ ಮಗಳು ಜಾನೆಲ್. ಅಕ್ಟೋಬರಿನಲ್ಲೇ ಮೆಲ್ಬರ್ನ್ ಕಾಲೇಜು ಬಿಟ್ಟು ಇಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ್ದಾಳೆ. ಸ್ಥಾವರದ ಕಲ್ನಾರಿನ ದೂಳು ಅಪ್ಪನ ಎದೆ ತಿಂದ ಮೇಲೆ, ನನ್ನ ನಂತರ ನಮ್ಮ ಮನೆಯವರು ಯಾರೂ ಆ ಗೇಟು ದಾಟಕೂಡದು ಎಂದು ನೀನು ಹೇಳಿ ಹೋಗಿದ್ದೆಯಲ್ಲ, ಅದಕ್ಕೇ ನಿನಗೆ ಹೇಳಬೇಡ ಎಂದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ, ತಪ್ಪು ನನ್ನದೇ. ವಾಕಿಟಾಕಿಯಲ್ಲಿ "ಅತ್ತೆ" ಎಂಬ ಅವಳ ದನಿ ಕೇಳಿದ ಮೇಲೆಯೇ ನಾನು ಗುಂಡಿ ಒತ್ತಿದ್ದು, ವಿಚಾರಣೆಯಲ್ಲಿ ಇದನ್ನು ಹೇಳಿಲ್ಲ. ಅವಳ ಕೈ ಮೊಣಕೈವರೆಗೆ ಸುಟ್ಟಿದೆ, ಮಾಯುತ್ತದಂತೆ. ಕಟ್ಟು ಬಿಚ್ಚಿದ ಕೂಡಲೇ ಮತ್ತೆ ಕೆಲಸಕ್ಕೆ ಹೋಗುತ್ತಾಳಂತೆ, ನನ್ನ ಮಾತು ಕೇಳುತ್ತಿಲ್ಲ. ಫೋನ್ ಮಾಡು. ಬೈಯಬೇಡ.